ಶಾಲು ಹೊದೆಸುವವರಿಗೆ, ಪರವಾನಗಿ ಕೊಡುವವರಿಗೆ: ಪದ ಪೂರ್ತಿ ಕೇಳಿ

ಮಾನ್ಯರೇ,

ಉತ್ತರ ಕನ್ನಡದಲ್ಲಿ ಉತ್ಸವ ನಡೆಸುವ ಅಧಿಕಾರಿಗಳಿಗೆ, ಮೈಕಿನ ಅರ್ಜಿಗೆ ಸಹಿ ಹಾಕುವವರಿಗೆ, ಯೋಜನೆಗಳ ಬಗ್ಗೆ ಜನರ ಅಹವಾಲು ಕೇಳುವ ಸಭೆಗಳ ನಡಾವಳಿ ಬರೆಯುವವರಿಗೆ, ಜನಪದ ಹಾಡಿನ (ನಮ್ಮ ಕಡೆ ಅದಕ್ಕೆ ‘ಪದ’ ಅನ್ನುತ್ತೇವೆ) ಹಳೆಯ ಕ್ಯಾಸೆಟ್‌ಗಳನ್ನು ಕಪಾಟಿನಲ್ಲಿ ಇಟ್ಟುಕೊಂಡಿರುವ ಎಲ್ಲರಿಗೂ ಒಟ್ಟಿಗೇ ಈ ಪತ್ರ ಬರೆಯುತ್ತಿದ್ದೇವೆ. ಬೇರೆ ಬೇರೆ ಬರೆದರೆ ಪ್ರತಿಯೊಬ್ಬರೂ ಇದು ಪಕ್ಕದ ಮೇಜಿನದು ಅನ್ನುತ್ತೀರಿ.

ಅಂಕೋಲಾ ತಾಲೂಕಿನ ಬಡಗೇರಿಯ ಜನಪದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರು ತೀರಿಕೊಂಡದ್ದು 2025ರ ಫೆಬ್ರವರಿ 13ರಂದು. ಅದಕ್ಕೆ ಎರಡು ತಿಂಗಳು ಮುಂಚೆ, 2024ರ ಡಿಸೆಂಬರ್ 16ರಂದು, ಅದೇ ತಾಲೂಕಿನ ಹೊನ್ನಳ್ಳಿಯ, ಸಾವಿರಾರು ಗಿಡ ನೆಟ್ಟು ಬೆಳೆಸಿದ ತುಳಸಿ ಗೌಡರು ಹೋದರು. ಇಬ್ಬರೂ ಈ ಕರಾವಳಿಯ ಹಾಲಕ್ಕಿ ಒಕ್ಕಲಿಗ ಸಮುದಾಯದವರು, ಇಬ್ಬರಿಗೂ ಪದ್ಮಶ್ರೀ ಬಂದಿತ್ತು. 2017ರಲ್ಲಿ ಸುಕ್ರಜ್ಜಿಗೆ ಪ್ರಶಸ್ತಿ ಬಂದ ಮೇಲೆ ‘ಹಾಲಕ್ಕಿ ಕೋಗಿಲೆ’ ಅನ್ನುವ ಮಾತು ಪ್ರತಿ ಸ್ವಾಗತ ಭಾಷಣದಲ್ಲೂ ಕೇಳಿತು. ಕೋಗಿಲೆ ಯಾವ ಊರಿನ ಸಾರಾಯಿಯನ್ನೂ ನಿಲ್ಲಿಸಲು ಹೊರಟದ್ದಿಲ್ಲ. ಸುಕ್ರಜ್ಜಿ ಹೊರಟಿದ್ದರು, ಬಡಗೇರಿಯ ಹೆಂಗಸರನ್ನು ಕಟ್ಟಿಕೊಂಡು. ರಾಜ್ಯದಲ್ಲಿ ಸಾರಾಯಿ ನಿಷೇಧವಾದದ್ದು 2007ರ ಜುಲೈ 1ರಿಂದ. ಕೊಪ್ಪಗಳ (ಹಾಲಕ್ಕಿಗಳ ಕೇರಿಗಳ) ಹೆಂಗಸರ ಗಲಾಟೆ ಅದಕ್ಕಿಂತ ಹಳೆಯದು. ಹಾಲಕ್ಕಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂದು ಕೇಳುವವರ ಸಾಲಿನಲ್ಲೂ ಅವರಿದ್ದರು. ಜಿಲ್ಲೆಯ ಸಿದ್ದಿಗಳಿಗೆ 2003ರಲ್ಲಿ ಆ ಮಾನ್ಯತೆ ಸಿಕ್ಕಿತು, ಹಾಲಕ್ಕಿಗಳದ್ದು ಇನ್ನೂ ಕಡತದಲ್ಲಿದೆ. ಓದು ಬರಹ ಬಾರದ ಹೆಂಗಸೊಬ್ಬಳಿಗೆ ಮನವಿಪತ್ರವೂ ಪದವೇ, ಭಾಷಣವೂ ಪದವೇ. ಹಾಡನ್ನು ಒಂದು ಕಡೆ, ಹೋರಾಟವನ್ನು ಇನ್ನೊಂದು ಕಡೆ ಇಟ್ಟು ಎರಡು ಇಲಾಖೆಗೆ ಹಂಚಿದರೆ ಎರಡೂ ಅರ್ಧರ್ಧ ಆಗುತ್ತವೆ. ನಮ್ಮ ತಕರಾರು ಇಷ್ಟೇ. ಮುಂದಿನದೆಲ್ಲ ಅದರ ವಿವರ.

ವೇದಿಕೆಯಿಂದ ಶುರು ಮಾಡೋಣ.

ಈ ಕರಾವಳಿಯ ಪದಕ್ಕೆ ಒಂದು ನಡೆ ಇದೆ. ಮೊದಲು ದೇವರನ್ನು ನೆನೆಯಬೇಕು, ಊರನ್ನು ಹೊಗಳಬೇಕು, ಕೂತವರ ಕ್ಷೇಮ ಕೇಳಬೇಕು. ಆಮೇಲೆ ಹೊಲ, ಗಜನಿ (ಉಪ್ಪುನೀರು ಹತ್ತುವ ತಗ್ಗು ಗದ್ದೆ), ಹೊಳೆ. ದೂರು ಬರುವುದು ತಡವಾಗಿ, ಕೇಳುವವರು ತಲೆದೂಗುವುದಕ್ಕೆ ಶುರುಮಾಡಿದ ಮೇಲೆ. ಒಬ್ಬಳು ಸಾಲು ಎತ್ತುತ್ತಾಳೆ, ಎದುರಿನ ಆರೇಳು ಮಂದಿ ಅದನ್ನೇ ತಿರುಗಿ ಹೇಳುತ್ತಾರೆ. ಒಂದು ನುಡಿ, ಅದರ ಮರುನುಡಿ ಸೇರಿ 25 ಸೆಕೆಂಡು ಎಂದಿಟ್ಟುಕೊಳ್ಳಿ. ನೀವು ಕೊಡುವ 5 ನಿಮಿಷಕ್ಕೆ 12 ನುಡಿ. 40 ನುಡಿಯ ಪದದಲ್ಲಿ 12 ಮುಗಿಯುವಾಗ ದೇವರ ಪ್ರಾರ್ಥನೆ ಮುಗಿದು ಊರಿನ ಹೊಗಳಿಕೆ ನಡೆಯುತ್ತಿರುತ್ತದೆ. ಅಷ್ಟರಲ್ಲಿ ನಿರೂಪಕರು ಚಪ್ಪಾಳೆ ಕೇಳುತ್ತಾರೆ. ಪದವನ್ನು ಯಾರೂ ತಡೆದಿಲ್ಲ, ಸೆನ್ಸಾರ್ ಮಾಡಿಲ್ಲ, ಆದರೂ ರಾಜಕೀಯ ಇದ್ದ ಭಾಗವೆಲ್ಲ ಹೊರಗೇ ಉಳಿಯಿತು. ದಿನಕ್ಕೆ ಹತ್ತು ತಂಡ ಹತ್ತಿಸುವ ಬದಲು ಮೂರು ತಂಡ ಕರೆಯಿರಿ, ಒಂದಕ್ಕೆ 20 ನಿಮಿಷ ಕೊಡಿ. 40 ನುಡಿಗೆ ಲೆಕ್ಕದಲ್ಲಿ 17 ನಿಮಿಷ ಬೇಕು, ಉಸಿರು ತೆಗೆದುಕೊಳ್ಳುವುದಕ್ಕೆ ಮೂರು.

ಮೈಕು ಇಡುವ ಕ್ರಮವೂ ಇದೇ ಕೆಲಸ ಮಾಡುತ್ತದೆ. ಎರಡು ಸಾಲಾಗಿ ಎದುರುಬದುರು ನಿಂತು ಹೇಳುವವರನ್ನು ಕಾರ್ಯಕ್ರಮದವರು ಪ್ರೇಕ್ಷಕರ ಕಡೆ ಮುಖ ಮಾಡಿ ಒಂದೇ ಗೆರೆಯಲ್ಲಿ ನಿಲ್ಲಿಸಿಬಿಡುತ್ತಾರೆ, ಫೋಟೋಕ್ಕೆ ಚೆಂದ ಅಂತ. ಎದುರಿನವಳ ಬಾಯಿ ಕಾಣದಿದ್ದರೆ ಮರುನುಡಿ ಅರ್ಧ ಕ್ಷಣ ತಡವಾಗುತ್ತದೆ, ಮೂರನೇ ನುಡಿಗೆ ಇಡೀ ಪದ ಎಳೆದಾಡುತ್ತದೆ. ಇರುವ ಒಂದು ಮೈಕು ಎತ್ತಿ ಹೇಳುವವಳ ಬಾಯಿಗೆ ಅಂಟಿರುತ್ತದೆ. ಕೇಳುವವರಿಗೆ ಒಬ್ಬ ಮುದುಕಿ ಒಬ್ಬಳೇ ಹಾಡಿದ ಹಾಗೆ ಕೇಳುತ್ತದೆ, ಊರು ಒಟ್ಟಾಗಿ ಹೇಳಿದ್ದು ಕೇಳುವುದೇ ಇಲ್ಲ. ಎದುರುಬದುರೇ ನಿಲ್ಲಲಿ. ಎರಡು ಮೈಕು, ಒಂದೊಂದು ಸಾಲಿಗೆ ಒಂದು, ನಾಲ್ಕೈದು ಅಡಿ ದೂರದಲ್ಲಿ, ತಲೆಗಿಂತ ಸ್ವಲ್ಪ ಮೇಲೆ, ಕೆಳಮುಖವಾಗಿ. ಶ್ರುತಿಪೆಟ್ಟಿಗೆ, ಕೀಬೋರ್ಡು, ರಿದಂ ಪ್ಯಾಡು ಏನೂ ಬೇಡ. ಅವರ ಶ್ರುತಿ ಅವರ ಗಂಟಲಿನಲ್ಲಿದೆ. ಕೀಬೋರ್ಡಿನವನು ತನಗೆ ಅನುಕೂಲವಾದ ಶ್ರುತಿ ಹಿಡಿದರೆ ಎಪ್ಪತ್ತರ ಅಜ್ಜಿ ಅಲ್ಲಿಗೆ ಹತ್ತಬೇಕಾಗುತ್ತದೆ.

ಗುಮಟೆಗೆ ಬೇರೆಯೇ ಲೆಕ್ಕ. ಅದು ಎರಡು ಬಾಯಿಯ ಮಣ್ಣಿನ ಗಡಿಗೆ. ದೊಡ್ಡ ಬಾಯಿಗೆ ಚರ್ಮ, ಸಣ್ಣ ಬಾಯಿ ಖಾಲಿ. ಬಲಗೈ ಬೆರಳು ಚರ್ಮದ ಮೇಲೆ ಬಡಿಯುತ್ತಿರುವಾಗ ಎಡಗೈ ಆ ಖಾಲಿ ಬಾಯಿಯನ್ನು ಮುಚ್ಚಿ ತೆರೆದು ‘ಗುಂ’ ಅನ್ನುವುದನ್ನು ಏರಿಸಿ ಇಳಿಸುತ್ತದೆ. ಮೈಕನ್ನು ಚರ್ಮದ ಮುಂದೆ ಇಟ್ಟರೆ ಬರೀ ‘ಟಪ ಟಪ’ ಬರುತ್ತದೆ, ಗಡಿಗೆಯ ಉಸಿರು ಬರುವುದಿಲ್ಲ. ಒಂದು ಅಡಿ ದೂರದಲ್ಲಿ, ಎರಡೂ ಬಾಯಿ ಕೇಳುವ ಹಾಗೆ ಓರೆಯಾಗಿ ಇಡಬೇಕು. ಕಾರವಾರದ ಕಡಲದಂಡೆಯಲ್ಲಿ ಗಾಳಿ ಹೊಡೆಯುತ್ತದೆಂದು ಸೌಂಡಿನವರು ಕೆಳದನಿ ಕತ್ತರಿಸುವ ಲೋ ಕಟ್ ಗುಂಡಿ ಒತ್ತುತ್ತಾರೆ. ಗಾಳಿಯ ಜೊತೆ ಗುಮಟೆಯ ‘ಗುಂ’ ಕೂಡ ತೆಳುವಾಗುತ್ತದೆ. ಗುಂಡಿ ಬಿಡಿ, ಮೈಕಿಗೆ ದಪ್ಪ ಫೋಮಿನ ಟೋಪಿ ಹಾಕಿ.

ಚರ್ಮದ ಮಾತನ್ನೂ ಮುಗಿಸಿಬಿಡೋಣ, ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹಳೆಯ ಗುಮಟೆಗೆ ಕಟ್ಟುತ್ತಿದ್ದದ್ದು ಉಡದ ಚರ್ಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಉಡ ಒಂದನೇ ಅನುಸೂಚಿಯಲ್ಲಿದೆ, ಹಾಗಾಗಿ ಅದು ಮುಗಿದ ಕತೆ, ಮುಗಿದದ್ದೇ ಸರಿ. ಆದರೆ ಉತ್ಸವಕ್ಕೆ ‘ಸಾಂಪ್ರದಾಯಿಕ ಗುಮಟೆಯೇ ತನ್ನಿ’ ಎಂದು ತಂಡಗಳಿಗೆ ಹೇಳಿ ಕಳಿಸುವವರಿಗೆ ಇದು ಗೊತ್ತಿರಬೇಕು. ಆಡಿನ ಚರ್ಮದಲ್ಲಿ ಒಳ್ಳೆಯ ಗುಮಟೆ ಆಗುತ್ತದೆ. ಪಕ್ಕದ ಗೋವಾ 2019ರಲ್ಲಿ ಘುಮಟೆಯನ್ನು ರಾಜ್ಯದ ಪರಂಪರೆಯ ವಾದ್ಯ ಎಂದು ಘೋಷಿಸಿದ್ದು ಅದೇ ಭರವಸೆಯಲ್ಲಿ. ಎಳೆ ಆಡಿನ ತೆಳು ಚರ್ಮವೇ ಬೇಕು. ಬಲಿತ ಹೋತದ ಚರ್ಮ ದಪ್ಪ, ಎಷ್ಟು ಬಿಗಿದರೂ ಮಂಕು ನಾದ. ಕೂದಲು ತೆಗೆದು ಹೆರೆದು, ನೆನೆಸಿ, ಹಸಿ ಇರುವಾಗಲೇ ಎಳೆದು ಬಾಯಿಯ ಅಂಚಿಗೆ ಹುರಿಯಲ್ಲಿ ಬಿಗಿದು, ನೆರಳಲ್ಲಿ ಒಣಗಿಸಬೇಕು. ಅವಸರಕ್ಕೆ ಬಿಸಿಲಿಗಿಟ್ಟರೆ ಅಂಚಿನಲ್ಲಿ ಸೀಳುತ್ತದೆ. ಬಡಿಯುವ ಮುಂಚೆ ಕೆಂಡಕ್ಕೆ ಹಿಡಿದು ಕಾಸಬೇಕು. ಕಡಲ ಗಾಳಿಯಲ್ಲಿ ಅರ್ಧ ಗಂಟೆಗೆ ಚರ್ಮ ಸಡಿಲಾಗುತ್ತದೆ, ಆದ್ದರಿಂದ ವೇದಿಕೆಯ ಹಿಂದೆ ಒಂದು ಕೆಂಡದ ಬಾಣಲೆ ಇರಲೇಬೇಕು. ‘ಫೈರ್ ಸೇಫ್ಟಿ’ ಎಂದು ಅದನ್ನು ಆರಿಸಿದರೆ ಆಮೇಲೆ ಗುಮಟೆ ಕೇಳುವುದಿಲ್ಲ. ಒಂದು ಬಕೆಟ್ ಮರಳು ಪಕ್ಕದಲ್ಲಿಡಿ, ಸಾಕು.

ಇನ್ನು ‘ಜನಪದಕ್ಕೆ ರಾಜಕೀಯ ಬೆರೆಸಬೇಡಿ’ ಅನ್ನುವ ಬುದ್ಧಿವಾದದ ಬಗ್ಗೆ. ಬೆರೆಸುವುದಕ್ಕೆ ಅದು ಹೊರಗಿನಿಂದ ಬಂದದ್ದಲ್ಲ. ಹೋಳಿ ಹುಣ್ಣಿಮೆಯ ಸುಗ್ಗಿಯಲ್ಲಿ ತಲೆಗೆ ತುರಾಯಿ ಕಟ್ಟಿ ಕುಣಿಯುವವರ ಜೊತೆ ‘ಹಗರಣ’ ಅನ್ನುವ ಅಣಕು ವೇಷದ ಆಟವೂ ಹೊರಡುತ್ತದೆ. ಆ ವರ್ಷ ಊರಿನಲ್ಲಿ ಯಾರು ಏನು ನುಂಗಿದರು ಅನ್ನುವುದೆಲ್ಲ ಅದರಲ್ಲಿ ವೇಷ ಕಟ್ಟಿಕೊಂಡು ಬರುತ್ತದೆ. 1930ರ ಏಪ್ರಿಲ್ 13ರಂದು ಉಪ್ಪಿನ ಕಾಯ್ದೆ ಮುರಿದದ್ದು ಇದೇ ಅಂಕೋಲೆ. ರೈತ ಗೇಣಿದಾರರ ಪರ ನಿಂತ ದಿನಕರ ದೇಸಾಯಿಯವರು ಇದೇ ತಾಲೂಕಿನವರು, ಚುಟುಕ ಕಟ್ಟುವ ಕೈಯಲ್ಲೇ ಚಳವಳಿಯನ್ನೂ ಕಟ್ಟಿದವರು. ಘಟ್ಟದ ಮೇಲೆ 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಲ್ಕಣಿಯವರು ಕಾಡಿಗೆ ಹೋಗಿ ಮರ ಅಪ್ಪಿಕೊಂಡರು. ಆ ಅಪ್ಪಿಕೋ ಚಳವಳಿ ಊರಿಂದೂರಿಗೆ ಹೋದದ್ದು ಪಾದಯಾತ್ರೆ, ಬೀದಿನಾಟಕ, ಜನಪದ ಕುಣಿತಗಳ ಮೂಲಕ. ‘ಉಳಿಸು, ಬೆಳೆಸು, ಬಳಸು’ ಅನ್ನುವ ಮೂರು ಮಾತು ಇಷ್ಟು ವರ್ಷ ನಿಂತದ್ದು ಅದು ನಾಲಿಗೆಗೆ ಹಗುರ ಇದ್ದದ್ದರಿಂದ.

ಹೊಸ ಪದ ಕಟ್ಟುವವರಿಗೂ ಇಲ್ಲೇ ಒಂದು ಮಾತು, ನಮ್ಮ ಹೋರಾಟಗಾರ ಮಿತ್ರರು ಬೇಸರಿಸಬಾರದು. ಊರಿನ ಹಾಡುಗಾರ್ತಿ ಹೊಸ ಪದಕ್ಕೆ ಹೊಸ ಧಾಟಿ ಹುಡುಕುವುದಿಲ್ಲ. ಎಲ್ಲರಿಗೂ ಬಾಯಿಪಾಠ ಇರುವ ಧಾಟಿ, ಹಳೆಯ ಸೊಲ್ಲು (ತಿರುಗಿ ತಿರುಗಿ ಬರುವ ಸಾಲು) ಹಾಗೇ ಇಟ್ಟುಕೊಂಡು ನಡುವಿನ ಮಾತು ಬದಲಿಸುತ್ತಾಳೆ. ಹಿಂದಿನವರು ಸೊಲ್ಲು ತಿರುಗಿ ಹೇಳುವಷ್ಟು ಹೊತ್ತಿನಲ್ಲಿ ಅವಳಿಗೆ ಮುಂದಿನ ಸಾಲು ಹುಟ್ಟಿರುತ್ತದೆ. ಕಾಗದ ಬೇಡ, ತಾಲೀಮು ಬೇಡ. ನೀವು ಪೇಟೆಯಿಂದ ಸಿನಿಮಾ ಧಾಟಿಗೆ ಕರಪತ್ರ ತುಂಬಿ ತರುತ್ತೀರಿ, ‘ಪರಿಸರ ಪರಿಣಾಮ ಮೌಲ್ಯಮಾಪನ’ ಅನ್ನುವುದನ್ನು ಹೆಂಗಸರ ಬಾಯಿಗೆ ತುರುಕುತ್ತೀರಿ. ಎರಡನೇ ನುಡಿಗೆ ಹಿಮ್ಮೇಳ ಸುಮ್ಮನಾಗುತ್ತದೆ. ಧಕ್ಕೆ (ದೋಣಿ ನಿಲ್ಲುವ ಕಟ್ಟೆ), ಅಳಿವೆ (ಹೊಳೆ ಕಡಲು ಸೇರುವ ಬಾಯಿ), ಗಜನಿ, ಕಗ್ಗ (ಗಜನಿಯ ಭತ್ತ), ಚಿಪ್ಪಿಕಲ್ಲು ಅಂತ ಕಣ್ಣೆದುರಿನ ಹೆಸರು ಹಿಡಿದರೆ ಪದ ತಾನೇ ನಡೆಯುತ್ತದೆ. ಬಂದರು ಬಂದರೆ ಏನಾಗುತ್ತದೆ ಎಂದು ಮೀನು ಒಣಗಿಸುವವಳು ತನ್ನ ಮರಳಿನ ಜಾಗ ತೋರಿಸಿ ಹೇಳಿದರೆ ಸಾಕು.

ಪರವಾನಗಿಗೆ ಬರೋಣ. ಎರಡೂ ಕಡೆಯವರಿಗೆ ನಿಯಮ ಅರ್ಧ ಗೊತ್ತಿರುವುದರಿಂದಲೇ ಅರ್ಧ ಜಗಳ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಲಿಖಿತ ಅನುಮತಿ ಬೇಕಾದದ್ದು ಧ್ವನಿವರ್ಧಕಕ್ಕೆ. ಬೆಳಿಗ್ಗೆ 6ರಿಂದ ರಾತ್ರಿ 10ರ ಒಳಗೆ ಮೈಕಿಲ್ಲದೆ ಗುಮಟೆ ಬಡಿದು ಪದ ಹೇಳಿದರೆ ಆ ಅನುಮತಿಯ ಪ್ರಶ್ನೆಯೇ ಬರುವುದಿಲ್ಲ. ರಾತ್ರಿ 10ರ ಮೇಲೆ ಬಯಲಿನಲ್ಲಿ ವಾದ್ಯವೂ ಇಲ್ಲ. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ಶಾಂತ ವಲಯ ಎಂದು ಘೋಷಿಸಿದ್ದರೆ ಅಲ್ಲಿ ಮೈಕಿಲ್ಲದ ಡೋಲು ಬಡಿದರೂ ತಪ್ಪೇ. ಇದನ್ನು ಹಾಡುವವರು ಮರೆಯುತ್ತಾರೆ: ತಾಲೂಕು ಕಚೇರಿಯ ಎದುರು ಕೂರುವಾಗ ಪಕ್ಕದಲ್ಲೇ ಕೋರ್ಟು ಇದ್ದರೆ, ಮೊದಲು ನೂರು ಮೀಟರ್ ಅಳೆದುಕೊಳ್ಳಿ. ಕೊಡುವವರು ಮರೆಯುವುದು ಇನ್ನೊಂದನ್ನು: ಮೈಕಿನ ಅರ್ಜಿಯ ಜೊತೆ ಪದದ ಸಾಹಿತ್ಯ ಬರೆದು ಕೊಡಿ ಎಂದು ಕೇಳಲು ಆ ನಿಯಮಗಳಲ್ಲಿ ಜಾಗವಿಲ್ಲ. ನಿಂತಲ್ಲೇ ಕಟ್ಟುವ ಪದಕ್ಕೆ ಮುಂಚಿತವಾಗಿ ಸಾಹಿತ್ಯ ಎಲ್ಲಿಂದ ತರುವುದು? ನಿಷೇಧಾಜ್ಞೆ ಇದ್ದರೆ (ಮೊದಲಿನ 144, ಈಗ ನಾಗರಿಕ ಸುರಕ್ಷಾ ಸಂಹಿತೆಯ 163) ಅದರ ಪ್ರತಿಯನ್ನು ತೋರಿಸಿ, ಯಾವ ಜಾಗ, ಎಷ್ಟು ದಿನ ಎಂದು ಹೇಳಿ. ಬಾಯಿಮಾತಿನ ‘ಬೇಡ’ ಯಾವ ಕಲಮೂ ಅಲ್ಲ. ಸಾಂಸ್ಕೃತಿಕ, ಧಾರ್ಮಿಕ ಸಂದರ್ಭಕ್ಕೆ ವರ್ಷದಲ್ಲಿ 15 ದಿನ ಮೀರದಂತೆ ರಾತ್ರಿ 12ರವರೆಗೆ ಸಡಿಲಿಕೆ ಕೊಡುವ ಅವಕಾಶ ಅದೇ ನಿಯಮಗಳಲ್ಲಿದೆ. ಆ 15 ದಿನ ಲೆಕ್ಕ ಹಾಕುವಾಗ ಸುಗ್ಗಿಯ ರಾತ್ರಿಗಳನ್ನು ಎಣಿಸಿ.

ಅಹವಾಲು ಸಭೆಯ ವಿಚಾರ ನಮಗೆ ಎಲ್ಲಕ್ಕಿಂತ ಮುಖ್ಯ. 2006ರ ಪರಿಸರ ಪರಿಣಾಮ ಅಧಿಸೂಚನೆ ಹೇಳುವುದು ಸ್ಪಷ್ಟ: ಕನಿಷ್ಠ 30 ದಿನ ಮುಂಚೆ ನೋಟಿಸು ಕೊಡಬೇಕು, ಇಡೀ ಸಭೆಯ ವೀಡಿಯೊ ಮಾಡಿಸಬೇಕು, ಬಂದ ಎಲ್ಲ ಅಭಿಪ್ರಾಯ, ಆತಂಕಗಳನ್ನು ಸರಿಯಾಗಿ ದಾಖಲಿಸಬೇಕು, ಕೊನೆಗೆ ಅದನ್ನು ಜನರ ಭಾಷೆಯಲ್ಲಿ ಓದಿ ಹೇಳಬೇಕು. ಅಭಿಪ್ರಾಯ ಗದ್ಯದಲ್ಲೇ ಇರಬೇಕು ಎಂದು ಎಲ್ಲಿಯೂ ಇಲ್ಲ. ಮುದುಕಿಯೊಬ್ಬಳು ಎದ್ದು ತನ್ನ ಆಕ್ಷೇಪಣೆಯನ್ನು ಪದ ಮಾಡಿ ಹೇಳಿದರೆ ನಡಾವಳಿಯಲ್ಲಿ ‘ಸ್ಥಳೀಯ ಮಹಿಳೆ ಜನಪದ ಗೀತೆ ಹಾಡಿದರು’ ಎಂದು ಒಂದು ಸಾಲು ಬರೆದರೆ ಅದು ದಾಖಲೆಯಲ್ಲ, ಮನರಂಜನೆಯ ವರದಿ. ಅವಳು ಹೇಳಿದ್ದು ಏನು? ಹೊಳೆ ಬಾಯಿ ಮುಚ್ಚಿದರೆ ನೀರು ಗಜನಿಗೆ ಏರುತ್ತದೆ, ಕಗ್ಗ ಭತ್ತ ಹೋಗುತ್ತದೆ ಎಂದಿದ್ದರೆ ಅದು ಎರಡು ಆಕ್ಷೇಪಣೆ. ಎರಡು ಕ್ರಮಸಂಖ್ಯೆ ಕೊಟ್ಟು ಬರೆಯಬೇಕು, ಯೋಜನೆಯವರು ಎರಡಕ್ಕೂ ಉತ್ತರ ಕೊಡಬೇಕು. ಕಷ್ಟವೇನಿಲ್ಲ. ಆ ಕೊಪ್ಪದ ಮಾತು ಬಲ್ಲ ಒಬ್ಬರನ್ನು ಬರೆಯುವವರ ಪಕ್ಕದಲ್ಲಿ ಕೂರಿಸಿ. ಪದ ಮುಗಿದ ಕೂಡಲೇ ಅವರು ಸಾಲು ಸಾಲಾಗಿ ಹೇಳಲಿ, ಬರೆದದ್ದನ್ನು ಹಾಡಿದವಳಿಗೆ ಓದಿ ಹೇಳಿ, ಹೌದು ಅನ್ನಿಸಿಕೊಂಡು ಹೆಬ್ಬೆಟ್ಟು ಹಾಕಿಸಿ. ಸಭೆಗೆ ಬಂದ ಹಾಡುಗಾರರೂ ಸಭೆಗೆ ಮಾತ್ರ ದೇವರ ಸ್ತುತಿ ಕಡಿಮೆ ಮಾಡಿ, ದೂರನ್ನು ಮೂರನೇ ನುಡಿಯೊಳಗೆ ತನ್ನಿ. ದೇವರು ತಪ್ಪು ತಿಳಿಯುವುದಿಲ್ಲ, ಗಡಿಯಾರ ನೋಡುವವರು ತಿಳಿಯುತ್ತಾರೆ.

ಉಳಿದದ್ದು ಧ್ವನಿಮುದ್ರಣ. ಸಭೆ ಸಮಾರಂಭಗಳಲ್ಲಿ ಎಲ್ಲರ ಕೈಯಲ್ಲೂ ಫೋನು ಇದೆ, ಆದರೂ ಕೇಳುವಂಥ ಮುದ್ರಣ ಸಿಗುವುದಿಲ್ಲ. ಕಾರಣ ಸರಳ. ಫೋನಿಗೆ ಮಾತು ಬೇಕು, ಗುಮಟೆಯನ್ನು ಅದು ಗದ್ದಲ ಎಂದು ತಿಳಿದು ಕತ್ತರಿಸುತ್ತದೆ. ಪ್ರತಿ ಪೆಟ್ಟಿಗೂ ತಾನಾಗಿ ಮಟ್ಟ ಇಳಿಸಿಕೊಳ್ಳುತ್ತದೆ, ಆಗ ಹಾಡುವವಳ ದನಿ ಬಾವಿಗೆ ಬಿದ್ದ ಹಾಗಾಗುತ್ತದೆ. ಆಮೇಲೆ ವಾಟ್ಸಾಪ್‌ನಲ್ಲಿ ಕಳಿಸಿ ಉಳಿದದ್ದನ್ನೂ ಹಿಂಡುತ್ತೇವೆ. ಒಂದು ಸಾಧಾರಣ ಕೈ ರೆಕಾರ್ಡರ್ ಸಾಕು. ವೇವ್ ಫೈಲು, 48 ಕಿಲೋಹರ್ಟ್ಸ್, 24 ಬಿಟ್. ಮಟ್ಟ ಕೈಯಲ್ಲೇ ಹೊಂದಿಸಿ, ಜೋರಾದ ಪೆಟ್ಟು ಮೈನಸ್ 12 ಡೆಸಿಬಲ್ ದಾಟದ ಹಾಗೆ. ಮೊನೊದಲ್ಲಿ ಒಂದು ಗಂಟೆಗೆ ಸುಮಾರು 520 ಎಂಬಿ ಆಗುತ್ತದೆ. ನೂರು ಗಂಟೆ 64 ಜಿಬಿಯ ಒಂದೇ ಕಾರ್ಡಿನಲ್ಲಿ ಹಿಡಿಯುತ್ತದೆ. ಆದರೆ ಒಂದೇ ಕಾರ್ಡಿನಲ್ಲಿ ಇಡಬೇಡಿ, ಮೂರು ಪ್ರತಿ, ಒಂದು ಘಟ್ಟದ ಮೇಲೆ. ಪದ ಶುರುವಾಗುವ ಮುಂಚೆ ರೆಕಾರ್ಡರಿಗೇ ಹೇಳಿಸಿ: ಹೆಸರು, ಊರು, ತಾರೀಕು, ಯಾರಿಂದ ಕಲಿತದ್ದು, ಯಾವ ಸಂದರ್ಭದಲ್ಲಿ, ಯಾರ ಎದುರು ಹೇಳಿದ್ದು. ಕೊನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಸಾರಾಯಿ ಅಂಗಡಿ ಎದುರು ಹೇಳಿದ ಪದ ಇಪ್ಪತ್ತು ವರ್ಷದ ಮೇಲೆ ‘ಕೋಲಾಟದ ಹಾಡು, ಭಾಗ 4’ ಆಗಿ ಸಿಗುವುದು ಹೀಗೆ.

ಬರಹಕ್ಕಿಳಿಸುವಾಗ ಆಗುವ ಅನಾಹುತ ಇನ್ನೂ ಮೌನವಾದದ್ದು. ಟೈಪು ಮಾಡುವವರು ಒಳ್ಳೆಯ ಮನಸ್ಸಿನಿಂದಲೇ ತಿದ್ದುತ್ತಾರೆ. ಪದದಲ್ಲಿ ‘ಬತ್ತೆ’ ಎಂದಿದ್ದರೆ ‘ಬರುತ್ತೇನೆ’ ಎಂದು ಹಾಕುತ್ತಾರೆ. ‘ಬತ್ತೆ’ ಮೂರು ಮಾತ್ರೆ, ‘ಬರುತ್ತೇನೆ’ ಆರು. ಸರಿಯಾಗಿ ಎರಡರಷ್ಟು. ಆ ಸಾಲನ್ನು ಮುಂದೆ ಶಾಲೆಯ ಮಕ್ಕಳಿಗೆ ಕಲಿಸುವಾಗ ಧಾಟಿಗೆ ಕೂರುವುದಿಲ್ಲ, ಆಗ ಸಂಗೀತ ಮೇಷ್ಟ್ರು ಧಾಟಿಯನ್ನೇ ಬದಲಿಸುತ್ತಾರೆ. ಎರಡು ತಿದ್ದುಪಡಿಯಲ್ಲಿ ಪದ ಸತ್ತಿತು, ಯಾರ ಕೈಯಲ್ಲೂ ರಕ್ತವಿಲ್ಲ. ಕೇಳಿದ್ದನ್ನು ಕೇಳಿದ ಹಾಗೇ ಬರೆಯಿರಿ, ಅರ್ಥವನ್ನು ಪಕ್ಕದ ಅಂಕಣದಲ್ಲಿ ಕೊಡಿ. ಸೊಲ್ಲನ್ನು ಪ್ರತಿ ಸಲ ಪೂರ್ತಿ ಬರೆಯಿರಿ, ಏಕೆಂದರೆ ಏಳನೇ ಸಲಕ್ಕೆ ಅದರಲ್ಲಿ ಒಂದು ಅಕ್ಷರ ಬದಲಾಗಿರುತ್ತದೆ, ಚುಚ್ಚುಮಾತು ಇರುವುದು ಅಲ್ಲೇ.

ಹಕ್ಕಿನ ವಿಷಯ ಚಿಕ್ಕದಾಗಿ ಹೇಳುತ್ತೇವೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಹಾಡಿದವರಿಗೆ ಪ್ರದರ್ಶಕರ ಹಕ್ಕು 50 ವರ್ಷ ಇರುತ್ತದೆ. ಒಪ್ಪಿಗೆಯಿಲ್ಲದೆ ಮುದ್ರಿಸುವಂತಿಲ್ಲ, ಮಾರುವಂತಿಲ್ಲ. ತಾನೇ ಕಟ್ಟಿದ ಪದವಾದರೆ ಕಟ್ಟಿದವರ ಸಾವಿನ ನಂತರ 60 ವರ್ಷ. ಒಪ್ಪಿಗೆಯನ್ನು ಇಂಗ್ಲಿಷ್ ಫಾರಂನಲ್ಲಿ ಹೆಬ್ಬೆಟ್ಟು ಒತ್ತಿಸಿ ತೆಗೆದುಕೊಳ್ಳಬೇಡಿ, ರೆಕಾರ್ಡರಿನಲ್ಲೇ ಅವರ ಮಾತಿನಲ್ಲಿ ಹೇಳಿಸಿ. ಪದದಲ್ಲಿ ಬದುಕಿರುವವರ ಹೆಸರು ಹಿಡಿದು ಬೈದಿದ್ದರೆ ಆ ಮುದ್ರಣವನ್ನು ಬೇರೆ ಇಟ್ಟು, ಯಾವಾಗ ಹೊರಗೆ ಬಿಡಬೇಕು ಎಂದು ಹಾಡಿದವರನ್ನೇ ಕೇಳಿ. ಮೊಕದ್ದಮೆ ಬಂದರೆ ಕೋರ್ಟಿಗೆ ಅಲೆಯುವವರು ಅವರು, ಸಂಗ್ರಹಕಾರರಲ್ಲ. ಸಂಭಾವನೆ ತಂಡದ ಮುಖ್ಯಸ್ಥರ ಒಂದೇ ಖಾತೆಗೆ ಹೋದರೆ ಹಿಂದಿನ ಸಾಲಿನ ಹೆಂಗಸರಿಗೆ ಆ ದಿನದ ಕೂಲಿಯೂ ಹುಟ್ಟುವುದಿಲ್ಲ; ಎಂಟು ಜನ ಬಂದರೆ ಎಂಟು ಖಾತೆ.

ತುರ್ತು ಇರುವುದು ಕ್ಯಾಸೆಟ್‌ಗಳದ್ದು. ಎಂಬತ್ತು, ತೊಂಬತ್ತರ ದಶಕದ ಪದಗಳು ಕಾಲೇಜುಗಳ ಕಪಾಟಿನಲ್ಲಿ, ನಿವೃತ್ತ ಮೇಷ್ಟ್ರುಗಳ ಅಟ್ಟದಲ್ಲಿ ಇವೆ. ಕರಾವಳಿಯ ತೇವಕ್ಕೆ ಟೇಪಿನ ಅಂಚಿನಲ್ಲಿ ಬಿಳಿ ಬೂಷ್ಟು ಹಿಡಿಯುತ್ತದೆ. ಅದನ್ನು ನೇರ ಪ್ಲೇಯರಿಗೆ ಹಾಕಬೇಡಿ. ಬೂಷ್ಟು ಹೆಡ್ಡಿಗೆ ಹತ್ತಿ, ಮುಂದಿನ ಕ್ಯಾಸೆಟ್ಟಿಗೂ ಹೋಗುತ್ತದೆ. ಬೂಷ್ಟು ಇಲ್ಲದ್ದನ್ನು ಮಾತ್ರ, ಮೊದಲು ಒಂದು ತುದಿಯಿಂದ ಇನ್ನೊಂದು ತುದಿಗೆ ಪೂರ್ತಿ ಸುತ್ತಿ ಸಡಿಲಿಸಿ. ನಡುವಿನ ಸಣ್ಣ ಸ್ಪಂಜು ಉದುರಿದ್ದರೆ ಧ್ವನಿ ಮಸುಕಾಗುತ್ತದೆ, ಇನ್ನೊಂದು ಹಾಳು ಕ್ಯಾಸೆಟ್ಟಿನ ಸ್ಪಂಜು ತೆಗೆದು ಅಂಟಿಸಬಹುದು. ಪ್ರತಿ ಕ್ಯಾಸೆಟ್ಟಿನ ನಂತರ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ. 90 ನಿಮಿಷದವುಗಳ ಟೇಪು ತೆಳು, ಹಿಂದೆ ಮುಂದೆ ಓಡಿಸಿದರೆ ಎಳೆಯುತ್ತದೆ, ಒಂದೇ ಓಟಕ್ಕೆ ಮುಗಿಸಬೇಕು. 60 ನಿಮಿಷದ ಕ್ಯಾಸೆಟ್ಟಿಗೆ 60 ನಿಮಿಷವೇ ಬೇಕು, ಅಡ್ಡದಾರಿ ಇಲ್ಲ. ಒಬ್ಬ ಹುಡುಗ ದಿನಕ್ಕೆ ಐದು ಮುಗಿಸಿದರೆ ಹೆಚ್ಚು. ಜೂನ್ ಮೊದಲ ವಾರ ಮಳೆ ಹಿಡಿದರೆ ಸೆಪ್ಟೆಂಬರ್‌ವರೆಗೆ ಡಬ್ಬಿ ತೆರೆಯುವಂತಿಲ್ಲ. ಹಾಗಾಗಿ ಸುಗ್ಗಿ ಮುಗಿದ ಮಾರನೆಯ ದಿನವೇ ಶುರುಮಾಡಬೇಕು. ಕೋಣೆ, ಎರಡು ದುರಸ್ತಾದ ಡೆಕ್ಕು, ಒಂದು ಚೀಲ ಸಿಲಿಕಾ ಜೆಲ್ ನೀವು ಕೊಡಿ. ಕ್ಯಾಸೆಟ್ ಇರುವ ಮನೆಗಳ ಪಟ್ಟಿಯನ್ನು ನಾವು ತರುತ್ತೇವೆ.

ಇಂತಿ,
ಜನಪದ ಹಾಡುಗಳ ಮುದ್ರಣ, ಬರಹದ ಕೆಲಸದಲ್ಲಿರುವವರು
ಅಂಕೋಲಾ, ಕುಮಟಾ, ಶಿರಸಿ